ಬಡಾವಣೆಗೆ ಲೈಬ್ರರಿ: ನಾವೇ ನಡೆಸುವುದಾ, ಸರ್ಕಾರಕ್ಕೆ ಬಿಡುವುದಾ?

ಕೆಂಗೇರಿಯವನು: ನಮ್ಮ ಸಂಘದ ಹತ್ತಿರ ಖಾಲಿ ಕೋಣೆ ಇದೆ. ಲೈಬ್ರರಿ ಮಾಡುವ ಆಸೆ. ನಾವೇ ನಡೆಸಬೇಕಾ, ಕೋಣೆ ಬಿಟ್ಟುಕೊಟ್ಟು ಸರ್ಕಾರಿ ಶಾಖೆ ಕೇಳಬೇಕಾ? ಅನುಭವ ಇದ್ದವರು ಹೇಳಿ.

ರಾಜಾಜಿನಗರದಮ್ಮ: ನಾವೇ ನಡೆಸಿದೆವು, ನಾಲ್ಕು ವರ್ಷ. ಆರು ಕಬ್ಬಿಣದ ರ‍್ಯಾಕಿಗೆ 21,000. ಪೇಪರ್ ಬಿಲ್ಲು ತಿಂಗಳಿಗೆ 1,100. ಸಂಜೆ ಕೂರುವ ಹುಡುಗನಿಗೆ 6,000. ಚಂದಾ ಬರುತ್ತಿದ್ದದ್ದು 1,800, ಅದೂ ಬೇಡಿ ಬೇಡಿ. ಮೂರನೇ ಮಳೆಗಾಲಕ್ಕೆ ಸೂರು ಸೋರಿ 140 ಪುಸ್ತಕ ಮುದ್ದೆಯಾದವು. ಒಂದೊಂದೇ ಹಾಳೆ ಬಿಡಿಸಿ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದೆ. ಹನ್ನೆರಡು ಉಳಿದವು. ಆದರೂ ಬೇಜಾರಿಲ್ಲ.

ಬಸವನಗುಡಿ ಓದುಗ: ಅಮ್ಮಾ, ಚಂದಾ ಯಾಕೆ ಎತ್ತಿದಿರಿ? ಆಸ್ತಿ ತೆರಿಗೆ ರಸೀದಿ ನೋಡಿ. ತೆರಿಗೆಯ ನೂರಕ್ಕೆ 6 ರೂಪಾಯಿ ಮೇಲೆ ಕಟ್ಟುತ್ತೇವೆ, ಅದೇ ಗ್ರಂಥಾಲಯ ಸೆಸ್. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ದುಡ್ಡು. ಕಟ್ಟಿದ ಮೇಲೆ ಶಾಖೆ ಕೇಳುವುದು ಹಕ್ಕು. ನಾವು ಕೇಳಿ ಪಡೆದೆವು. ಮೂರು ವರ್ಷ ಹಿಡಿಯಿತು, ಅದರಲ್ಲಿ ಎರಡು ವರ್ಷ ನಮ್ಮ ಸಂಘದವರದ್ದೇ ಜಗಳ. ಬಾಡಿಗೆ ಬೇಡ ಅಂತ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಲು ಖಜಾಂಚಿ ಒಪ್ಪಲಿಲ್ಲ.

ರಾಜಾಜಿನಗರದಮ್ಮ: ಹಕ್ಕು ಹಕ್ಕು ಅಂತ ಕೂತಿದ್ದರೆ ನಮ್ಮ ಮಕ್ಕಳು ಓದಿ ಮುಗಿಸುವ ವಯಸ್ಸೇ ದಾಟುತ್ತಿತ್ತು.

ನಿವೃತ್ತ ಗುಮಾಸ್ತ: ಸುಮ್ನೆ ಕೂಗಾಡಬೇಡಿ. ಸೆಸ್ ವಸೂಲಿ ಮಾಡುವುದು ಪಾಲಿಕೆ, ಖರ್ಚು ಮಾಡಬೇಕಾದ್ದು ನಗರ ಗ್ರಂಥಾಲಯ ಪ್ರಾಧಿಕಾರ. ವಸೂಲಾದದ್ದು ಅಲ್ಲಿಗೆ ದಾಟಬೇಕು. ಬಾಕಿಯ ತಕರಾರು ವರ್ಷಗಳಿಂದ ಪೇಪರಿನಲ್ಲಿ ಬರುತ್ತಲೇ ಇದೆ. ನೀವು ಕಟ್ಟಿದ ದಿನವೇ ಪುಸ್ತಕ ಬರುವುದಿಲ್ಲ ಸ್ವಾಮಿ. ಅದೇ ರಸೀದಿಯಲ್ಲಿ ಆರೋಗ್ಯಕ್ಕೆ 15, ಭಿಕ್ಷುಕರ ಸೆಸ್ 3 ಇದೆ, ಅದನ್ನು ಯಾರು ಕೇಳುತ್ತೀರಿ?

ಬಸವನಗುಡಿ ಓದುಗ: ಬಾಕಿ ಇದ್ದರೆ ಕೇಳಬೇಕು, ಬಿಟ್ಟುಬಿಡಬೇಕಾ? ನಿಮ್ಮಂಥವರು ಫೈಲಿನ ಹಿಂದೆ ಕೂತದ್ದಕ್ಕೇ ಹೀಗಾಗಿದ್ದು.

ನಿವೃತ್ತ ಗುಮಾಸ್ತ: ನಾನು ಕೆಲಸ ಮಾಡಿದ್ದು ಹಾಲಿನ ಡೈರಿಯಲ್ಲಿ.

ವಿಜಯನಗರದ ಹುಡುಗ: ಶಾಖೆ ಬಂದರೆ ಕುರ್ಚಿ ಜಾಸ್ತಿ ಹಾಕಿಸಿ ಸರ್. ನಾವು ಕೆಎಎಸ್‌ಗೆ ಓದುವವರು ಬಾಗಿಲು ತೆರೆಯುವ ಮುಂಚೆ ಬ್ಯಾಗ್ ಸಾಲಿಗಿಟ್ಟು ಕಾಯುತ್ತೇವೆ.

ರಾಜಾಜಿನಗರದಮ್ಮ: ಅದೇ ಬ್ಯಾಗು! ಬೆಳಗ್ಗೆ ಕುರ್ಚಿ ಮೇಲಿಟ್ಟು ತಿಂಡಿಗೆ ಹೋದವರು ಹನ್ನೊಂದಕ್ಕೆ ಬರುತ್ತಾರೆ. ನಮ್ಮ ಯಜಮಾನರು ಪೇಪರ್ ನಿಂತೇ ಓದಬೇಕು.

ವಿಜಯನಗರದ ಹುಡುಗ: ಅವರು ಓದುವುದಕ್ಕಿಂತ ಫ್ಯಾನಿನ ಕೆಳಗೆ ನಿದ್ದೆ ಮಾಡುವುದೇ ಜಾಸ್ತಿ ಅಲ್ವಾ ಆಂಟಿ?

ಕೆಂಗೇರಿಯವನು: ಕೋಣೆಯಲ್ಲಿ ಫ್ಯಾನ್ ಇಲ್ಲ. ಹಾಕಿಸಬೇಕಾ?