ಮಕ್ಕಳ ಜೀನ್ಸ್ ನೇರವಾಗಿ ಮಾರಬೇಕು, ಇನ್‌ಸ್ಟಾಗ್ರಾಮ್ ಸಾಕಾ, ಬ್ಲಾಗೂ ಬೇಕಾ?

ಕೌಲ್‌ಬಜಾರ್_ಹೊಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. ನಾನು, ನಮ್ಮ ಯಜಮಾನರು, ಜೊತೆಗೆ ಮೂವರು ಟೇಲರ್‌ಗಳು. ಇಷ್ಟು ವರ್ಷ ಬರೀ ಜಾಬ್ ವರ್ಕ್. ಪಾರ್ಟಿಯವರು ಕಟಿಂಗ್ ಮಾಡಿ ಕೊಡುತ್ತಾರೆ, ನಾವು ಹೊಲಿದು ಕೊಡುತ್ತೇವೆ, ಪೀಸಿಗೆ ಇಷ್ಟು ಅಂತ ದುಡ್ಡು. ಸೀಸನ್ ಇದ್ದಾಗ ರಾತ್ರಿ ಹಗಲು ಕೆಲಸ, ಇಲ್ಲದಾಗ ಮಷಿನ್ ಸುಮ್ನೆ ನಿಂತಿರುತ್ತದೆ. ಆ ಖಾಲಿ ದಿನಗಳಲ್ಲಿ ಮಕ್ಕಳ ಜೀನ್ಸ್ ನಮ್ಮದೇ ಹೆಸರಲ್ಲಿ ಮಾಡಿ ಗಿರಾಕಿಗಳಿಗೆ ನೇರವಾಗಿ ಮಾರೋಣ ಅಂತ ಶುರು ಮಾಡಿದ್ದೇವೆ.

ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳೇ ಇನ್‌ಸ್ಟಾಗ್ರಾಮ್ ಪೇಜ್ ಮಾಡಿಕೊಟ್ಟಳು. ಸಿನಿಮಾ ಹಾಡು ಹಾಕಿ ರೀಲ್ಸ್ ಬಿಡುತ್ತೇವೆ. ಲೈಕ್ ಬರುತ್ತವೆ, ಆದರೆ ಆರ್ಡರ್ ಬರುವುದಿಲ್ಲ. ಇಲ್ಲಿ ಒಬ್ಬರು ಸೋಷಿಯಲ್ ಮೀಡಿಯಾ ಕೋರ್ಸ್‌ಗೆ ಹದಿನೈದು ಸಾವಿರ ಕೇಳುತ್ತಿದ್ದಾರೆ, ಫಾಲೋವರ್ಸ್ ಕೂಡ ತಂದುಕೊಡುತ್ತಾರಂತೆ. ಬ್ಲಾಗ್ ಬರೆದರೆ ಗೂಗಲ್‌ನಲ್ಲಿ ಸಿಗುತ್ತೀರಿ ಅಂತ ಇನ್ನೊಬ್ಬರು ಹೇಳಿದರು. ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮೊದಲು ಯಾವುದು ಕಲಿಯಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಗೊತ್ತಿರುವವರು ಹೇಳಿ.

ಕಿನ್ನಾಳ_ಬಣ್ಣ

ಅಕ್ಕಾ, ದುಡ್ಡು ಸದ್ಯ ಯಾವುದಕ್ಕೂ ಹಾಕಬೇಡಿ. ಫಾಲೋವರ್ಸ್ ಮಾರುವವರ ಹತ್ತಿರ ಮೊದಲೇ ಹೋಗಬೇಡಿ. ಆ ಅಕೌಂಟ್‌ಗಳು ಯಾವ ದೇಶದವೋ ಏನೋ, ಅವರ್ಯಾರೂ ನಿಮ್ಮ ಹತ್ತಿರ ಪ್ಯಾಂಟ್ ಕೊಳ್ಳುವವರಲ್ಲ.

ನಾವು ಕೊಪ್ಪಳದಲ್ಲಿ ಕಿನ್ನಾಳ ಗೊಂಬೆ ಮಾರುತ್ತೇವೆ. ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು, ಇರುವ ಕಲೆ ಇದು, ಆದರೂ ಗೊಂಬೆಯ ಫೋಟೋ ಮಾತ್ರ ಹಾಕಿದರೆ ಜನ ನೋಡಿ ಮುಂದೆ ಹೋಗುತ್ತಾರೆ. ಹುಣಸೆ ಬೀಜದ ಅಂಟು ಹೇಗೆ ಮಾಡುತ್ತಾರೆ, ಹಗುರ ಕಟ್ಟಿಗೆಯ ತುಂಡುಗಳನ್ನು ಹೇಗೆ ಜೋಡಿಸುತ್ತಾರೆ, ಕಣ್ಣು ಹೇಗೆ ಬರೆಯುತ್ತಾರೆ, ಇದನ್ನು ತೋರಿಸಿದಾಗ ಮಾತ್ರ ನಿಂತು ನೋಡುತ್ತಾರೆ, ರೇಟ್ ಕೇಳುತ್ತಾರೆ. ನಿಮ್ಮ ಹತ್ತಿರ ತೋರಿಸಲು ಎಷ್ಟೊಂದು ಇದೆ! ಕಟಿಂಗ್ ಟೇಬಲ್ ಮೇಲೆ ಪದರ ಪದರವಾಗಿ ಬಟ್ಟೆ ಹಾಸುವುದು, ಜೇಬಿನ ಮೂಲೆಗೆ ರಿವೆಟ್ ಹೊಡೆಯುವುದು, ವಾಶಿಂಗ್‌ಗೆ ಹೋಗುವ ಮುಂಚೆ ಗಡುಸಾಗಿದ್ದ ಪ್ಯಾಂಟ್ ವಾಪಸ್ ಬಂದಾಗ ಮೆತ್ತಗೆ ಆಗಿರುವುದು. ಬಳ್ಳಾರಿ ಜೀನ್ಸ್ ಹಾಕಿಕೊಂಡವರು ಎಷ್ಟೋ ಜನ ಇದ್ದಾರೆ, ಅದು ಹೇಗೆ ಆಗುತ್ತದೆ ಅಂತ ನೋಡಿದವರು ಕಡಿಮೆ.

ಸಿನಿಮಾ ಹಾಡು ಬಿಟ್ಟುಬಿಡಿ. ಬಿಸಿನೆಸ್ ಅಕೌಂಟ್ ಮಾಡಿಕೊಂಡರೆ ಆ ಹಾಡುಗಳು ಜಾಸ್ತಿ ಸಿಗುವುದೂ ಇಲ್ಲ, ಹಕ್ಕಿನ ತಕರಾರು ಬಂದರೆ ರೀಲ್‌ನ ಧ್ವನಿಯನ್ನೇ ತೆಗೆದುಬಿಡುತ್ತಾರೆ. ನಿಮ್ಮದೇ ಧ್ವನಿಯಲ್ಲಿ ಮಾತಾಡಿ. "ಇದು ಐದು ವರ್ಷದ ಮಗುವಿಗೆ, ಸೊಂಟಕ್ಕೆ ಒಳಗಡೆ ಎಲಾಸ್ಟಿಕ್ ಇದೆ, ಬೇಕಾದಂಗೆ ಬಿಗಿ ಮಾಡಬಹುದು" ಅಂತ ಹೇಳಿ ತೋರಿಸಿದರೆ ಅಷ್ಟೇ ಸಾಕು. ಫೋಟೋಗೆ ಬೆಳಗಿನ ಹೊತ್ತು ಕಿಟಕಿ ಪಕ್ಕದ ಬೆಳಕು ಒಳ್ಳೆಯದು. ಟ್ಯೂಬ್‌ಲೈಟ್ ಕೆಳಗೆ ಡೆನಿಮ್ ಬಣ್ಣ ಬೇರೆಯೇ ಕಾಣುತ್ತದೆ, ಆಮೇಲೆ ಬಣ್ಣ ಬೇರೆ ಬಂತು ಅಂತ ಗಿರಾಕಿ ಜಗಳಕ್ಕೆ ಬರುತ್ತಾರೆ.

ರಾಯಚೂರು_ಲೆಕ್ಕ

ಮೇಲಿನವರು ಹೇಳಿದ್ದು ಸರಿ ಇದೆ. ನಾನು ತೆರಿಗೆ ಲೆಕ್ಕ ಬರೆಯುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಆ ಕಡೆಯ ಮಾತು ಹೇಳುತ್ತೇನೆ ಮೇಡಂ, ಯಾಕೆಂದರೆ ಇದನ್ನು ಯಾವ ಕೋರ್ಸ್‌ನವರೂ ಹೇಳುವುದಿಲ್ಲ.

ನೀವು ಬಳ್ಳಾರಿಯವರು. ಗುಂತಕಲ್, ಆದೋನಿ, ರಾಯದುರ್ಗ ಎಲ್ಲಾ ಪಕ್ಕದಲ್ಲೇ ಇವೆ, ಆದರೆ ಅವು ಆಂಧ್ರ. ರಾಜ್ಯದೊಳಗೆ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ನಿಮ್ಮ ಹಾಗೆ ಜಾಬ್ ವರ್ಕೂ ಮಾಡುವವರಿಗೆ ಒಟ್ಟು 20 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ಬೇರೆ ರಾಜ್ಯಕ್ಕೆ ತೆರಿಗೆ ಬೀಳುವ ಸರಕು ಕಳಿಸಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಪಾರ್ಸೆಲ್‌ಗೇ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ, ಜೀನ್ಸ್‌ಗೆ ಇಲ್ಲ. ರೀಲ್ ಗಡಿ ನೋಡಿಕೊಂಡು ಹೋಗುವುದಿಲ್ಲವಲ್ಲ, ಆದೋನಿಯಿಂದ ಆರ್ಡರ್ ಬಂದೇ ಬರುತ್ತದೆ. ಹಾಗಾಗಿ ನೋಂದಣಿ ಮಾಡಿಸುವವರೆಗೆ ಕರ್ನಾಟಕದೊಳಗೆ ಮಾತ್ರ ಕಳಿಸುತ್ತೇವೆ ಅಂತ ಪೇಜ್‌ನಲ್ಲೇ ಬರೆದುಬಿಡಿ. 2025ರ ಜುಲೈನಲ್ಲಿ ಯುಪಿಐ ಮೊತ್ತ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಿದ್ದು ನಿಮಗೂ ನೆನಪಿರಬೇಕು. ಹೆದರಿ ಯುಪಿಐ ಬಿಡುವ ಅಗತ್ಯ ಇಲ್ಲ, ಆದರೆ ಮನೆಯ ದುಡ್ಡು, ಜಾಬ್ ವರ್ಕ್ ದುಡ್ಡು, ಮಾರಾಟದ ದುಡ್ಡು ಒಂದೇ ಅಕೌಂಟ್‌ನಲ್ಲಿ ಸೇರಿಸಬೇಡಿ. ದಿನಕ್ಕೊಂದು ಸಾಲು ಬರೆದಿಟ್ಟುಕೊಳ್ಳಿ.

ಮೋಸದ ವಿಷಯ. ಪೇಜ್ ಸ್ವಲ್ಪ ಬೆಳೆದ ತಕ್ಷಣ "ನಿಮ್ಮ ಪೇಜ್ ಡಿಲೀಟ್ ಆಗುತ್ತದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬರುತ್ತದೆ. ಒತ್ತಿದರೆ ಪೇಜ್ ಅವರ ಪಾಲು. ಪಾಸ್‌ವರ್ಡ್ ಜೊತೆ ಕೋಡ್ ಕೂಡ ಕೇಳುವ ಎರಡು ಹಂತದ ಲಾಗಿನ್ ಇವತ್ತೇ ಆನ್ ಮಾಡಿ, ಮಗಳ ಫೋನ್‌ನಲ್ಲೂ. ಇನ್ನೊಂದು, ಐವತ್ತು ಪೀಸ್ ಬೇಕು ಅಂತ ಚೌಕಾಸಿ ಕೂಡ ಮಾಡದೆ ಒಪ್ಪಿಕೊಂಡು, ದುಡ್ಡು ಬರಲು ಇದನ್ನು ಸ್ಕ್ಯಾನ್ ಮಾಡಿ ಅಂತ ಮೋಸಗಾರರು ಕ್ಯೂಆರ್ ಕೋಡ್ ಕಳಿಸುತ್ತಾರೆ. ದುಡ್ಡು ಬರಬೇಕಾದರೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಏನಾದರೂ ಆಗಿಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೌಲ್‌ಬಜಾರ್_ಹೊಲಿಗೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆಂಧ್ರದ ವಿಷಯ ನಮಗೆ ಗೊತ್ತೇ ಇರಲಿಲ್ಲ, ಗುಂತಕಲ್‌ನಿಂದ ಒಬ್ಬರು ಕೇಳಿದ್ದಾರೆ, ಕಳಿಸುವುದು ನಿಲ್ಲಿಸುತ್ತೇನೆ. ಬ್ಲಾಗ್ ಬಗ್ಗೆ ಯಾರೂ ಹೇಳಲಿಲ್ಲ. ಏನು ಬರೆಯುವುದು ಅಂತಲೇ ತಿಳಿಯುತ್ತಿಲ್ಲ.

ಸಂಡೂರು_ಕಸೂತಿ

ಅಕ್ಕಾ, ಏನು ಬರೆಯುವುದು ಅಂತ ನೀವು ಯೋಚನೆ ಮಾಡುವುದೇ ಬೇಡ, ಗಿರಾಕಿಗಳು ಫೋನ್‌ನಲ್ಲಿ ಕೇಳುತ್ತಿರುತ್ತಾರಲ್ಲ, ಅದನ್ನೇ ಬರೆಯಿರಿ. ನಮ್ಮ ಲಂಬಾಣಿ ಕಸೂತಿ ಬ್ಯಾಗ್‌ಗಳಿಗೆ ಎಲ್ಲರೂ ಕೇಳುವುದು ಒಂದೇ, ಒಗೆದರೆ ಕನ್ನಡಿ ಉದುರುತ್ತದಾ ಅಂತ. ಅದಕ್ಕೆ ಉತ್ತರ ಬರೆದು ಇಟ್ಟಿದ್ದೇವೆ, ಯಾರು ಕೇಳಿದರೂ ಲಿಂಕ್ ಕಳಿಸುತ್ತೇವೆ.

ನಿಮಗೆ ಮೊದಲ ಬರಹ "ಜೀನ್ಸ್ ಬಣ್ಣ ಬಿಡುತ್ತದಾ?" ಅಂತ ಇರಲಿ. ಬಿಡುತ್ತದೆ, ಯಾಕೆ ಅಂತ ಹೇಳಿ. ಇಂಡಿಗೊ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಮೇಲ್ಮೈಗೆ ಹಿಡಿದಿರುತ್ತದೆ, ಅದಕ್ಕೇ ಉಜ್ಜಿದ ಕಡೆ ಬಿಳಿಚುತ್ತದೆ. ಉದ್ದಕ್ಕೆ ಹೋಗುವ ಹಾಸಿನ ನೂಲಿಗೆ ಮಾತ್ರ ಬಣ್ಣ, ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಬಿಳಿ, ಅದಕ್ಕೇ ಪ್ಯಾಂಟ್ ಒಳಮೈ ಬೆಳ್ಳಗೆ ಕಾಣುತ್ತದೆ. ಒಳಹೊರಗು ಮಾಡಿ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ ಅಂತ ಬರೆದರೆ ತಾಯಂದಿರಿಗೆ ನಿಜಕ್ಕೂ ಉಪಯೋಗ. ಎರಡನೆಯದು ಅಳತೆ. ವಯಸ್ಸಿನ ಲೆಕ್ಕ ನಂಬಬೇಡಿ, ಆರು ವರ್ಷದ ಮಕ್ಕಳು ಎಲ್ಲಾ ಒಂದೇ ಗಾತ್ರ ಇರುತ್ತಾರಾ? ಮನೆಯಲ್ಲಿ ಸರಿಯಾಗಿ ಆಗುವ ಒಂದು ಪ್ಯಾಂಟ್ ನೆಲದ ಮೇಲೆ ಹಾಸಿ ಟೇಪ್ ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಅಂತ ಫೋಟೋ ಸಮೇತ ಹಾಕಿ. ವಾಪಸ್ ಬರುವ ಪೀಸ್ ಕಡಿಮೆಯಾಗುವುದು ಇದರಿಂದಲೇ.

ಕನ್ನಡದಲ್ಲೇ ಬರೆಯಿರಿ. ಟೈಪ್ ಮಾಡಲು ಕಷ್ಟ ಆದರೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡಿ, ಅಕ್ಷರವಾಗಿ ಬರುತ್ತದೆ, ತಪ್ಪು ಮಗಳು ತಿದ್ದಲಿ. ಬ್ಲಾಗರ್ ಸಾಕು, ಗೂಗಲ್‌ನದೇ, ದುಡ್ಡಿಲ್ಲ. ಒಂದೇ ಕಡೆ ಇಂಗ್ಲಿಷ್ ಬೇಕು: ಊರಿನ ಹೆಸರು. 2014ರ ನವೆಂಬರ್ 1ರಿಂದ ಸರ್ಕಾರಿ ಸ್ಪೆಲ್ಲಿಂಗ್ Bellary ಹೋಗಿ Ballari ಆಗಿದೆ, ಆದರೆ ಹುಡುಕುವವರು ಇನ್ನೂ ಹಳೆಯದನ್ನೇ ಟೈಪ್ ಮಾಡುತ್ತಾರೆ, ಎರಡೂ ಹಾಕಿ.

ಬ್ಲಾಗ್‌ಗಿಂತ ಮೊದಲು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಯೂನಿಟ್ ಸೇರಿಸಿ. ಅದೂ ಉಚಿತ, ಅಂಗಡಿಯ ವಿಡಿಯೋ ತೆಗೆದು ಕಳಿಸಿ ಅಂತ ಕೇಳಬಹುದು. ಕೊಂಡವರಿಗೆ ರಿವ್ಯೂ ಬರೆಯಲು ಹೇಳಿ, ನೆಂಟರ ಕೈಲಿ ಸುಳ್ಳು ರಿವ್ಯೂ ಬರೆಸಬೇಡಿ. ಆಮೇಲೆ ವಾಟ್ಸಾಪ್ ಬಿಸಿನೆಸ್, ಅದರ ಕ್ಯಾಟಲಾಗ್‌ನಲ್ಲಿ ಫೋಟೋ, ಅಳತೆ, ರೇಟ್ ಹಾಕಿ. "ರೇಟ್‌ಗೆ ಮೆಸೇಜ್ ಮಾಡಿ" ಅಂತ ಬರೆಯುವುದು ನನಗಂತೂ ಹಿಡಿಸುವುದಿಲ್ಲ, ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ. ಒಂದೇ ಸಲ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಪಾರ್ಸೆಲ್ ಕೊಡುವಾಗಲೇ ಸೇವ್ ಮಾಡಿಕೊಳ್ಳಿ ಅಂತ ಹೇಳಿ.

ಕೌಲ್‌ಬಜಾರ್_ಹೊಲಿಗೆ

ಬಣ್ಣ ಬಿಡುವ ಬರಹ ಇವತ್ತೇ ಶುರು ಮಾಡುತ್ತೇನೆ. ಒಂದೇ ಭಯ. ನಾವು ರೇಟ್ ಹಾಕಿದರೆ ಜಾಬ್ ವರ್ಕ್ ಕೊಡುವ ಪಾರ್ಟಿ ಬೇಜಾರಾಗುವುದಿಲ್ವಾ?

ಕಿನ್ನಾಳ_ಬಣ್ಣ

ಮೊದಲೇ ಹೇಳಿಬಿಡಿ ಅಕ್ಕಾ, ಆಮೇಲೆ ಬೇರೆಯವರ ಬಾಯಿಂದ ಗೊತ್ತಾದರೆ ಕಷ್ಟ. ಅವರದು ದೊಡ್ಡವರ ಪ್ಯಾಂಟ್, ನಿಮ್ಮದು ಮಕ್ಕಳದು ಅಂದರೆ ತಕರಾರು ಕಡಿಮೆ. ಅವರ ಲೇಬಲ್, ಅವರ ಡಿಸೈನ್ ಇರುವ ಪೀಸ್ ಮಾತ್ರ ನಿಮ್ಮ ರೀಲ್‌ನಲ್ಲಿ ಎಲ್ಲೂ ಕಾಣಬಾರದು. ಶೂಟ್ ಮಾಡುವ ಮುಂಚೆ ಹಿಂದೆ ಟೇಬಲ್ ಮೇಲೆ ಯಾರ ಬಂಡಲ್ ಇದೆ ಅಂತ ಒಮ್ಮೆ ನೋಡಿಕೊಳ್ಳಿ.