ಹೋಟ್ಲು ಹುಡುಗರ ರಿಪೋರ್ಟ್ ವಿಚಾರ, ಎಲ್ಲರೂ ಕೇಳಿಸ್ಕೊಳ್ಳಿ

ಪುಟ್ಟ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದ ಮೂರು ರಿಪೋರ್ಟೂ ನೋಡ್ದೆ ಕಣಪ್ಪ. ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ ಅಂತ ವಾಯ್ಸ್ ಹಾಕ್ತಿದೀನಿ. ಉದ್ದ ಆಗುತ್ತೆ. ಬೆಳಗಿನ ರಶ್ ಮುಗಿದ್ಮೇಲೆ ಗಲ್ಲಾ ಹತ್ರ ಕೂತ್ಕೊಂಡು ಪೂರ್ತಿ ಕೇಳು.

ನೀನು ಕೇಳಿದ್ದು ಇಷ್ಟು. ಲೈಸೆನ್ಸಿಗೆ ಬೇಕು ಅಂತ ಹನ್ನೊಂದು ಜನರದ್ದೂ ಮೆಡಿಕಲ್ ಮಾಡ್ಸಿದೆ, ಮೂರು ಜನರ ಮಲಪರೀಕ್ಷೆಲಿ ಹುಳ ಅಂತ ಬಂತು, ಆದ್ರೆ ಮೂರು ಜನಾನೂ ಗಟ್ಟಿಮುಟ್ಟಾಗಿದ್ದಾರೆ, ಒಂದೊಂದು ಜಂತುಹುಳದ ಮಾತ್ರೆ ನುಂಗ್ಸಿ, ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸ್ಬಿಡ್ಲಾ ಅಂತ. ಅದರ ಕೆಳಗೇ ನಮ್ಮಣ್ಣ, ನಿಮ್ಮ ದೊಡ್ಡಪ್ಪ, 'ನಮ್ಮ ಕಾಲದಲ್ಲಿ ಇದ್ಯಾವ ಪರೀಕ್ಷೆನೂ ಇರ್ಲಿಲ್ಲ, ಯಾರೂ ಸಾಯ್ಲಿಲ್ಲ' ಅಂತ ಹಾಕಿದಾನೆ.

ಕಳಿಸ್ಬೇಡ ಪುಟ್ಟ. ಅದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೂರು ರಿಪೋರ್ಟೂ ಒಂದೇ ಅಲ್ಲ, ಸರಿಯಾಗಿ ಓದು. ಒಬ್ಬನಿಗೆ ಬಂದಿರೋದು ಕೊಕ್ಕೆಹುಳದ ಮೊಟ್ಟೆ. ಇನ್ನೊಬ್ಬನಿಗೆ ಜಿಯಾರ್ಡಿಯ, ಅಂದ್ರೆ ಕರುಳಲ್ಲಿ ಕೂರೋ, ಬರಿಗಣ್ಣಿಗೆ ಕಾಣದ ಜೀವಿ. ಮೂರನೇ ಹುಡುಗನಿಗೆ ಅಮೀಬಾದ ಸಿಸ್ಟ್, ಅಂದ್ರೆ ಗಟ್ಟಿ ಚಿಪ್ಪಿನೊಳಗೆ ಮಲಗಿರೋ ಅಮೀಬಾ. ನೀನು ಕೊಡ್ತೀನಿ ಅಂದ ಮಾತ್ರೆ ಇದ್ಯಲ್ಲ, ಆಲ್ಬೆಂಡಜೋಲ್ 400, ಫೆಬ್ರವರಿ 10ಕ್ಕೆ ನಿನ್ನ ಮಗಳಿಗೆ ಸ್ಕೂಲಲ್ಲಿ ಕೊಟ್ಟಿದ್ದೂ ಅದೇ. 2015ರಲ್ಲಿ ಕೆಲವು ರಾಜ್ಯದಲ್ಲಿ ಶುರುವಾಗಿ, 2016ರಿಂದ ದೇಶದ ಎಲ್ಲಾ ಕಡೆ 1 ವರ್ಷದಿಂದ 19 ವರ್ಷದ ತನಕ ಮಕ್ಕಳಿಗೆ ಕೊಡ್ತಾರೆ, ಒಳ್ಳೆ ಮಾತ್ರೆ. ಅದು ದುಂಡುಹುಳ, ಕೊಕ್ಕೆಹುಳಕ್ಕೆ. ಒಂದು ಮಾತ್ರೆ ನುಂಗ್ಸಿದ್ರೆ ಅಮೀಬಾ ಹೋಗಲ್ಲ, ಜಿಯಾರ್ಡಿಯನೂ ಹೋಗಲ್ಲ. ಅದಕ್ಕೆ ಬೇರೆ ಔಷಧಿ ಇದೆ, ಡಾಕ್ಟರು ಬರ್ಕೊಡ್ಬೇಕು. ಅಮೀಬಾಗಂತೂ ಕರುಳಿನ ಗೋಡೆಲಿರೋದಕ್ಕೆ ಒಂದು ಔಷಧಿ, ಸಿಸ್ಟ್ ತೆಗೆಯೋಕೆ ಇನ್ನೊಂದು. ಇನ್ನೊಂದ್ ಮಾತು, ನಾನು ಇಪ್ಪತ್ತೆರಡು ವರ್ಷ ಲ್ಯಾಬಲ್ಲಿ ಕೂತು ನೋಡಿರೋದ್ರಿಂದ ಹೇಳ್ತೀನಿ. ಅಯೋಡಿನ್ ಹನಿಲಿ ಆ ಸಿಸ್ಟು ಹಳದಿ ಮಣಿ ಥರ ಕಾಣುತ್ತೆ, ಒಳಗೆ ನಾಲ್ಕು ಚುಕ್ಕಿ. ಕಾಯಿಲೆ ತರೋ ಅಮೀಬಾಗೂ ನಾಲ್ಕೇ ಚುಕ್ಕಿ, ಏನೂ ಮಾಡದ ಅದರ ಜೋಡಿಗೂ ನಾಲ್ಕೇ ಚುಕ್ಕಿ. ಮೈಕ್ರೋಸ್ಕೋಪಲ್ಲಿ ಎರಡನ್ನೂ ಬೇರೆ ಮಾಡೋಕಾಗಲ್ಲ. ಅದಕ್ಕೇ ರಿಪೋರ್ಟ್ ಹಿಡ್ಕೊಂಡು ನೀನೇ ತೀರ್ಮಾನ ಮಾಡ್ಬೇಡ, ಮೂರು ಜನರನ್ನೂ ಡಾಕ್ಟರ ಹತ್ರ ಕರ್ಕೊಂಡು ಹೋಗು.

'ಅವ್ರಿಗೇನೂ ಆಗಿಲ್ಲವಲ್ಲ ಅತ್ತೆ' ಅಂದ್ಯಲ್ಲ, ಇದರ ತೊಂದರೆನೇ ಅದು. ಭೇದಿ ಆಗೋನು ತಾನೇ ರಜ ಹಾಕ್ತಾನೆ. ಏನೂ ಆಗದೇ ಇರೋನು ದಿನಾ ಕೆಲಸಕ್ಕೆ ಬರ್ತಾನೆ, ದಿನಾ ಅವನ ಮಲದಲ್ಲಿ ಸಿಸ್ಟ್ ಹೋಗ್ತಾ ಇರುತ್ತೆ. ಎರಡಕ್ಕೆ ಹೋಗಿ ಬಂದು ಬರೀ ನೀರಲ್ಲಿ ಕೈ ತೊಳ್ದ ಅಂದ್ರೆ ಉಗುರು ಸಂದಿಲಿ ಉಳ್ಕೊಳ್ಳುತ್ತೆ. ಜಿಯಾರ್ಡಿಯ ಅಂತೂ ಹತ್ತು ಸಿಸ್ಟ್ ಹೊಟ್ಟೆಗೆ ಹೋದ್ರೂ ಸಾಕು.

ನಿನ್ನ ತಟ್ಟೆ ಇಡ್ಲಿ ಬಗ್ಗೆ ನನಗೆ ಭಯ ಇಲ್ಲ. ಹಬೆಲಿ ಬೆಂದಿದ್ದರಲ್ಲಿ ಸಿಸ್ಟು ಉಳಿಯಲ್ಲ. ಭಯ ಇರೋದು ಚಟ್ನಿ ಮೇಲೆ. ಕಾಯಿ ತುರಿಯೋದು ಕೈಲಿ, ಕೊತ್ತಂಬರಿ ತೊಳೆಯೋದು ಕೈಲಿ, ರುಬ್ಬಿದ್ಮೇಲೆ ನೀರು ಬೆರ್ಸೋದು, ಆಮೇಲೆ ಒಲೆ ಮೇಲೆ ಹೋಗಲ್ವಲ್ಲ ಅದು. ಇಡ್ಲಿ ಮೇಲೆ ಬೆಣ್ಣೆ ಬೆರಳಲ್ಲಿ ಇಡ್ತಾರೆ, ಅದೂ ಅಷ್ಟೆ. ಮತ್ತೆ ನೀರಿನ ಲೋಟ. ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಇಳಿಸಿ ಒಂದೇ ಕೈಲಿ ತಂದು ಟೇಬಲ್ ಮೇಲೆ ಇಡ್ತಾರಲ್ಲ ಸಪ್ಲೈಯರ್ ಹುಡುಗರು, ಅದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ತೊಳ್ಸುತ್ತೆ.

ಈಗ ಅಣ್ಣನಿಗೆ. ಅಣ್ಣ, ಬೇಜಾರು ಮಾಡ್ಕೋಬೇಡ. ನಮ್ಮಮ್ಮ ನೆನಪಿದ್ಯಾ, ಅಡಿಕೆ ತೋಟಕ್ಕೆ ಬರಿಗಾಲಲ್ಲೇ ಹೋಗ್ತಿದ್ಲು. ಕೊನೆಕೊನೆಗೆ ನಾಲ್ಕು ಮೆಟ್ಲು ಹತ್ತಿದ್ರೆ ಏದುಸಿರು ಬರೋದು, ಉಗುರು ಸುಣ್ಣದ ಥರ ಬೆಳ್ಳಗಾಗಿತ್ತು, ಕದ್ದು ಮಣ್ಣು ತಿನ್ನೋಳು. ಕೊಕ್ಕೆಹುಳ ಹಸಿ ಮಣ್ಣಿಂದ ಪಾದದ ಚರ್ಮ ಕೊರ್ಕೊಂಡು ಒಳಗೆ ಹೋಗಿ, ಕರುಳಲ್ಲಿ ಕೂತು ರಕ್ತ ಹೀರುತ್ತೆ. ಅಮ್ಮನಿಗೆ ಅದೇ ಇತ್ತು ಅಂತ ಹೇಳೋಕೆ ನನ್ನ ಹತ್ರ ರಿಪೋರ್ಟಿಲ್ಲ, ಯಾರೂ ಪರೀಕ್ಷೆ ಮಾಡ್ಸಲಿಲ್ವಲ್ಲ. ಲ್ಯಾಬಿಗೆ ಸೇರಿ ಮೊದಲ ಸಲ ಆ ಮೊಟ್ಟೆ ಕಂಡ ದಿನ ಮನೆಗೆ ಬಂದು ಅಮ್ಮನ ಫೋಟೋ ಮುಂದೆ ಕೂತು ಅತ್ತಿದೀನಿ.

ಹಂಗಾಗಿ ಪುಟ್ಟ, ಕೊಕ್ಕೆಹುಳದ ಹುಡುಗನಿಂದ ಗಿರಾಕಿಗೆ ಭಯ ಇಲ್ಲ, ಆ ಮೊಟ್ಟೆ ಮಣ್ಣಲ್ಲಿ ಬಿದ್ದು ಮರಿ ಆಗ್ಬೇಕು. ತೊಂದರೆ ಆ ಹುಡುಗನಿಗೇ. ಹಿಮೋಗ್ಲೋಬಿನ್ ನೋಡ್ಸು, ಕಾಲಿಗೆ ಒಂದ್ಜೊತೆ ಚಪ್ಪಲಿ ಕೊಡ್ಸು. ಉಳಿದ ಇಬ್ಬರನ್ನ ಔಷಧಿ ಮುಗಿದು, ಎರಡ್ಮೂರು ವಾರ ಬಿಟ್ಟು ಇನ್ನೊಂದ್ಸಲ ಪರೀಕ್ಷೆ ಆಗೋ ತನಕ ಚಟ್ನಿ, ಬೆಣ್ಣೆ, ನೀರಿನ ಕಡೆ ಬಿಡ್ಬೇಡ. ಸೌದೆ, ಸಾಮಾನು ತರೋದು, ಟೇಬಲ್ ಒರ್ಸೋದು ಏನಾದ್ರೂ ಮಾಡ್ಲಿ. ಭೇದಿ ಶುರುವಾದ್ರೆ ಮಾತ್ರ ಪೂರ್ತಿ ರಜ. ಸಂಬಳ ಹಿಡಿಬೇಡ.

ಯಾಕೆ ಹಿಡಿಬಾರ್ದು ಅಂತ ಹೇಳ್ತೀನಿ. ಎಷ್ಟೋ ವರ್ಷದ ಹಿಂದೆ ಒಂದು ಹೋಟ್ಲಿಂದ, ಹೆಸ್ರು ಬೇಡ, ವರ್ಷಾವರ್ಷ ಹುಡುಗರು ಬರೋರು. ಒಂದ್ವರ್ಷ ನಾನು ಪಾಸಿಟಿವ್ ಅಂತ ಬರೆದ ಅಡಿಗೆ ಹುಡುಗನ್ನ ಅವತ್ತೇ ಸಂಜೆ ಮನೆಗೆ ಕಳಿಸಿದ್ರಂತೆ. ಮಾರನೇ ವರ್ಷ ಅದೇ ಹೋಟ್ಲಿಂದ ಮೂರು ಡಬ್ಬಿ ಬಂತು. ಸ್ಲೈಡ್ ಹಾಕಿದ್ರೆ ಮೂರರಲ್ಲೂ ಒಂದೇ ಬಣ್ಣ, ಒಂದೇ ಥರ ಟೊಮೇಟೊ ಸಿಪ್ಪೆ ಚೂರು, ಮೂರೂ ಕ್ಲೀನ್. ಆಚೆ ಬೆಂಚ್ ಮೇಲೆ ಕೂತಿದ್ದೋನ ಕರ್ದು ಕೇಳ್ದೆ. ತಲೆ ತಗ್ಗಿಸ್ಕೊಂಡು, 'ಒಬ್ಬಂದೇ ಮೂರು ಡಬ್ಬಿಗೆ ಹಾಕಿದೀವಿ ಮೇಡಂ, ಊರಿಗೆ ದುಡ್ಡು ಕಳಿಸ್ಬೇಕು' ಅಂದ. ನೀನು ಈ ಮೂರು ಜನರನ್ನ ಕಳಿಸಿದ್ರೆ ಉಳಿದ ಎಂಟು ಜನ ಹೊಟ್ಟೆನೋವು ಬಂದ್ರೂ ಬಾಯಿಬಿಡಲ್ಲ. ಆಮೇಲೆ ನಿನ್ನ ಸರ್ಟಿಫಿಕೇಟ್ ಗೋಡೆಗೆ ಮೊಳೆ ಹೊಡ್ಯೋಕೆ ಮಾತ್ರ.

ಸರ್ಟಿಫಿಕೇಟ್ ಬೇಡ ಅಂತಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆ ಕೆಳಗೆ 2011ರಲ್ಲಿ ಬಂದ ನಿಯಮದಲ್ಲೇ ಇದೆ, ಊಟ ತಿಂಡಿ ಮುಟ್ಟೋರಿಗೆ ವರ್ಷಕ್ಕೊಂದ್ಸಲ ಮೆಡಿಕಲ್ ಆಗ್ಬೇಕು. ಆದ್ರೆ ಸಿಸ್ಟು ದಿನಾ ಬೀಳಲ್ಲ, ಇವತ್ತು ಇಲ್ಲ ಅಂದ್ರೆ ನಾಡಿದ್ದು ಇರುತ್ತೆ. ಅದಕ್ಕೇ ಅನುಮಾನ ಇದ್ರೆ ಬೇರೆಬೇರೆ ದಿನದ ಮೂರು ಸ್ಯಾಂಪಲ್ ನೋಡ್ತೀವಿ. ಉಳಿದ ಎಂಟು ಜನ ಶುದ್ಧ ಅಂತ ಒಂದು ಡಬ್ಬಿ ನೋಡಿ ಹೇಳೋಕಾಗಲ್ಲ.

ಇನ್ನೊಂದು, ದೀಪಾವಳಿಗೆ ಬಂದಾಗ್ಲೇ ಹೇಳ್ಬೇಕಿತ್ತು, ಹಬ್ಬದ ದಿನ ಯಾಕೆ ಅಂತ ಸುಮ್ನಾದೆ, ನನ್ನದೂ ತಪ್ಪೇ. ಗಿರಾಕಿ ಕೈ ತೊಳೆಯೋ ಬೇಸಿನ್ ಹತ್ರ ಹಸಿರು ಲಿಕ್ವಿಡ್ ಬಾಟ್ಲಿ ಇಟ್ಟಿದೀಯ. ಹಿಂದುಗಡೆ ಹುಡುಗರ ಕಕ್ಕಸಿನ ಹತ್ರ ಹೋದ್ರೆ ಒಂದು ಬಕೀಟು, ತಳ ಒಡೆದಿರೋ ಮಗ್ಗು, ನಲ್ಲಿ ಮೇಲೆ ಸೋಪಿನ ಒಣಗಿದ ಗುರುತು ಅಷ್ಟೆ. ಸೋಪ್ ಇರ್ಲಿಲ್ಲ. ಹನ್ನೊಂದು ಜನಕ್ಕೆ ಅದೊಂದೇ. ಮೊದಲು ಅಲ್ಲಿ ಸೋಪ್ ಕಟ್ಟು, ನೈಲಾನ್ ದಾರದಲ್ಲಿ ಕಟ್ಟಿದ್ರೆ ಎಲ್ಲೂ ಹೋಗಲ್ಲ. ಒಂದು ನೇಲ್ ಕಟರ್ ಇಡು. ಗಲ್ಲಾ ಮೇಲಿರೋ ಸ್ಯಾನಿಟೈಸರ್ ಈ ಸಿಸ್ಟನ್ನ ಸಾಯ್ಸಲ್ಲ, ಸೋಪ್ ಹಾಕಿ ಉಜ್ಜಿ ತೊಳ್ದು ಕಳೀಬೇಕು ಅಷ್ಟೆ. ಕುಡಿಯೋ ನೀರು ಕುದಿಸಿದ್ದೇ ಆಗ್ಲಿ, ಕ್ಲೋರಿನ್ ಹಾಕಿದೀವಿ ಅಂತ ನಂಬ್ಕೊಂಡು ಕೂರ್ಬೇಡ.

ಸಿದ್ಧಗಂಗೆ ಜಾತ್ರೆ ಹತ್ರ ಬಂತು, ಕ್ಯಾತ್ಸಂದ್ರದ ಕಡೆ ಜನ ತುಂಬ್ಕೋತಾರೆ, ಆಳು ಕಡಿಮೆಯಾದ್ರೆ ನಿನಗೂ ಕಷ್ಟ, ಗೊತ್ತು ಕಣಪ್ಪ. ಶನಿವಾರ ನಾನೇ ಬಸ್ಸಲ್ಲಿ ಬರ್ತೀನಿ, ಹುಡುಗರ ಜೊತೆ ನಾನೇ ಮಾತಾಡ್ತೀನಿ, ಕೈ ತೊಳೆಯೋದು ತೋರಿಸ್ತೀನಿ. ಪಾತ್ರೆ ತೊಳೆಯೋಕೆ ಬರೋ ಹೆಣ್ಮಗಳು ಬಸುರಿ ಅಂದಿದ್ಯಲ್ಲ, ಎಲ್ಲರ ಜೊತೆ ಅವಳಿಗೂ ಮಾತ್ರೆ ಕೊಟ್ಟುಬಿಟ್ಟೀಯ, ಡಾಕ್ಟರ ಕೇಳದೆ ಬೇಡ.

ಅಲ್ಲೀತನಕ ಒಂದು ಮಾತು ಮಾತ್ರ ಇವತ್ತೇ ಹೇಳು. ಚಟ್ನಿಗೆ ಕಾಯಿ ತುರಿಯೋನು ಈ ಮೂರರಲ್ಲಿ ಯಾರಾದ್ರೂ ಇದಾನಾ?