ಸಾಫ್ಟನರ್ ಹಾಕಿಸಿದ ಮೇಲೆ ಬೀನ್ಸ್ ಎಲೆ ಸುಡುತ್ತಿದೆ, ಪಾತಿ ನೀರು ಕುಡಿಯುತ್ತಿಲ್ಲ

ಮಣ್ಣುಕೈ:
ಮನೆಗೆ ಸಾಫ್ಟನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ಹಾಕಿಸಿ 5 ತಿಂಗಳಾಯಿತು. ತರಕಾರಿ ಪಾತಿಗೂ ಅದೇ ನೀರು, ದಿನಕ್ಕೆ ಸುಮಾರು 10 ಲೀಟರ್. ಈಗ ಬೀನ್ಸ್‌ನ ಹಳೆ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿದೆ. ಈರುಳ್ಳಿ ಬೆಳೆಯುತ್ತಲೇ ಇಲ್ಲ. ಬೀಟ್‌ರೂಟ್ ಮಾತ್ರ ಚೆನ್ನಾಗಿದೆ. ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿದೆ, ನೀರು ಇಂಗದೆ ಅಲ್ಲೇ ನಿಲ್ಲುತ್ತದೆ. ನಮ್ಮದು ಜೇಡಿಮಣ್ಣು. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಸಾಫ್ಟನರ್‌ಗೆ ಮುಂಚೆ 520, ಆಮೇಲೆ 530 ತೋರಿಸುತ್ತದೆ. ಗಡಸುತನ ಲೀಟರಿಗೆ 350 ಮಿಲಿಗ್ರಾಂ ಇದ್ದದ್ದು ಹೆಚ್ಚುಕಡಿಮೆ ಸೊನ್ನೆಗೆ ಬಂದಿದೆ. ಉಪ್ಪು ಜಾಸ್ತಿ ಆಗಿಲ್ಲ ಅಲ್ವಾ? ಮತ್ತೆ ತೊಂದರೆ ಎಲ್ಲಿದೆ?

ಹಸಿರುಪಾತಿ:
ಮೀಟರ್ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಒಟ್ಟು ಎಷ್ಟು ಕರಗಿದೆ ಎಂದಷ್ಟೇ ಹೇಳುತ್ತದೆ, ಏನು ಕರಗಿದೆ ಎಂದು ಹೇಳುವುದಿಲ್ಲ. ಸಾಫ್ಟನರ್ ಉಪ್ಪನ್ನು ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. 1 ಮಿಲಿಗ್ರಾಂ ಗಡಸುತನ ಹೋದರೆ ಸುಮಾರು 0.46 ಮಿಲಿಗ್ರಾಂ ಸೋಡಿಯಂ ಬರುತ್ತದೆ. ನಿಮ್ಮ 350ಕ್ಕೆ ಲೀಟರಿಗೆ 160 ಮಿಲಿಗ್ರಾಂ ಆಯಿತು. ದಿನಕ್ಕೆ 10 ಲೀಟರ್ ಅಂದರೆ 5 ತಿಂಗಳಲ್ಲಿ ಕಾಲು ಕಿಲೋ ಹತ್ತಿರ ಸೋಡಿಯಂ ಪಾತಿಗೆ ಸೇರಿದೆ.

ಗಿಡಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುವುದು ಮಣ್ಣಿಗೆ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಹರಳುಹರಳಾಗಿ ನಿಲ್ಲುವುದು ಕ್ಯಾಲ್ಸಿಯಂನಿಂದ. ಆ ಜಾಗದಲ್ಲಿ ಸೋಡಿಯಂ ಕೂತರೆ ಹರಳು ಒಡೆದು, ನುಣ್ಣನೆಯ ಕೆಸರು ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದಾಗ ಅದೇ ನಿಮ್ಮ ಗಟ್ಟಿ ಪದರ. ಬೀನ್ಸ್, ಈರುಳ್ಳಿ, ಕ್ಯಾರೆಟ್ ಉಪ್ಪು ತಡೆಯುವುದಿಲ್ಲ. ಬೀಟ್‌ರೂಟ್ ತಡೆಯುತ್ತದೆ. ನಿಮ್ಮ ಪಾತಿಯೇ ಉತ್ತರ ಹೇಳುತ್ತಿದೆ.

ಒಂದು ಪರೀಕ್ಷೆ ಮಾಡಿ ನೋಡಿ. ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನು ಗಾಜಿನ ಲೋಟದಲ್ಲಿ ಮಳೆನೀರಿಗೆ ಮೆಲ್ಲಗೆ ಬಿಡಿ. ಅಲ್ಲಾಡಿಸಬೇಡಿ. ನಲ್ಲಿ ನೀರು ಬೇಡ, ಅದರ ಉಪ್ಪು ಫಲಿತಾಂಶವನ್ನು ಮರೆಮಾಚುತ್ತದೆ. ಎರಡು ಗಂಟೆ ಬಿಟ್ಟು ನೋಡಿ. ಹೆಂಟೆ ಸುಮ್ನೆ ಪುಡಿಯಾಗಿ ಬಿದ್ದು ನೀರು ತಿಳಿಯಾಗಿದ್ದರೆ ಅಷ್ಟು ಚಿಂತೆಯಿಲ್ಲ. ಸುತ್ತಲೂ ಹಾಲಿನಂಥ ಮಬ್ಬು ಹರಡಿದರೆ ಸೋಡಿಯಂ ಕೆಲಸ ಮಾಡಿದೆ ಎಂದೇ ತಿಳಿಯಿರಿ. ಈ ನೀರು ಬೀಳದ ಜಾಗದ ಹೆಂಟೆಯನ್ನೂ ಪಕ್ಕದಲ್ಲೇ ಇಟ್ಟು ಹೋಲಿಸಿ.

ಮಣ್ಣುಕೈ:
ಮಾಡಿದೆ. ಪಾತಿಯ ಹೆಂಟೆ ಇಟ್ಟ ಲೋಟ ಪೂರ್ತಿ ಮಬ್ಬು. ಬೇಲಿ ಪಕ್ಕದ ಮಣ್ಣಿನದು ತಿಳಿ. ನೋಡಿ ಹೊಟ್ಟೆ ಉರಿಯಿತು. ಮಳೆನೀರು ಸಂಗ್ರಹಿಸಿದ್ದೇನೆ, ಅದನ್ನೇ ಸುರಿದು ತೊಳೆದುಬಿಡಲೇ?

ಹಸಿರುಪಾತಿ:
ದಯವಿಟ್ಟು ಈಗಲೇ ಬೇಡ! ಎಲ್ಲರೂ ಎಡವುವುದು ಇಲ್ಲೇ. ಮಳೆನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ. ಲೋಟದಲ್ಲಿ ಆದದ್ದೇ ಪಾತಿಯಲ್ಲೂ ಆಗಿ ಮಣ್ಣು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಮೊದಲು ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ). ಚದರ ಮೀಟರಿಗೆ ಅರ್ಧದಿಂದ 1 ಕಿಲೋ ಹರಡಿ, ಮೇಲ್ಮಣ್ಣಿನಲ್ಲಿ ಕೆದಕಿ, ಕಾಂಪೋಸ್ಟ್ ಸೇರಿಸಿ. ಆಮೇಲೆ ನಿಧಾನವಾಗಿ, ಬಿಟ್ಟುಬಿಟ್ಟು ನೀರು ಹಾಯಿಸಿ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಎಬ್ಬಿಸುತ್ತದೆ, ನೀರು ಅದನ್ನು ಬೇರಿನ ಕೆಳಕ್ಕೆ ಒಯ್ಯುತ್ತದೆ. ಕೆಳಗೆ ಬಸಿದು ಹೋಗಲು ದಾರಿ ಇರಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ. ಸುಣ್ಣ ಹಾಕಬೇಡಿ, ಕ್ಷಾರ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ.

ಇನ್ನು ಮುಂದೆ ಸಾಫ್ಟನರ್‌ಗೆ ಮುಂಚಿನ ಪೈಪಿನಿಂದ ತೋಟಕ್ಕೆ ಬೇರೆ ನಲ್ಲಿ ತೆಗೆಸಿ. ಗಡಸು ನೀರು ಪಾತ್ರೆಗೆ ಕೆಟ್ಟದ್ದು ಅಂತ ಗಿಡಕ್ಕೂ ಕೆಟ್ಟದ್ದಲ್ಲ, ಅದರ ಕ್ಯಾಲ್ಸಿಯಂ ನಿಮ್ಮ ಮಣ್ಣಿಗೆ ಬೇಕು. ಎಲೆ ಮೇಲೆ ಬಿಳಿ ಕಲೆ ಆಗಬಹುದು, ಬುಡಕ್ಕೆ ಹಾಕಿದರೆ ಆಯಿತು.

ಬೇರುನೀರು:
ಸಾಫ್ಟನರ್‌ಗೆ ಮಾಮೂಲಿ ಉಪ್ಪಿನ (ಸೋಡಿಯಂ ಕ್ಲೋರೈಡ್) ಬದಲು ಪೊಟ್ಯಾಸಿಯಂ ಕ್ಲೋರೈಡ್ ತುಂಬಿದರೆ ಸಾಕಲ್ವಾ? ಪೊಟ್ಯಾಸಿಯಂ ಗಿಡಕ್ಕೆ ಆಹಾರ ತಾನೆ?

ಹಸಿರುಪಾತಿ:
ಸೋಡಿಯಂಗಿಂತ ಖಂಡಿತ ವಾಸಿ. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಗಲೂ ಹೋಗುತ್ತವೆ, ಪೊಟ್ಯಾಸಿಯಂ ಅತಿಯಾದರೆ ಗಿಡ ಮೆಗ್ನೀಸಿಯಂ ಹೀರುವುದಕ್ಕೂ ಅಡ್ಡಿ. ಬೇರೆ ನಲ್ಲಿ ಸಾಧ್ಯವೇ ಇಲ್ಲದವರಿಗೆ ಮಾತ್ರ ಈ ದಾರಿ. ಸಾಫ್ಟನರ್ ತನ್ನನ್ನು ತೊಳೆದುಕೊಂಡು ಹೊರಬಿಡುವ ಉಪ್ಪುನೀರನ್ನಂತೂ ಗಿಡದ ಹತ್ತಿರ ತರಬೇಡಿ. ಕುಂಡದ ಗಿಡವಾದರೆ ಕುಂಡದ ಎರಡರಷ್ಟು ಅಳತೆಯ ಗಡಸು ನೀರನ್ನು ಮೆಲ್ಲಗೆ ಸುರಿದು, ತಳದಿಂದ ಪೂರ್ತಿ ಬಸಿಯಲು ಬಿಡಿ.

ಮಣ್ಣುಕೈ:
7 ವಾರದ ನಂತರ ಬರೆಯುತ್ತಿದ್ದೇನೆ. ಬೇರೆ ನಲ್ಲಿ ಹಾಕಿಸಿದೆ, ಜಿಪ್ಸಂ ಹಾಕಿದೆ. ಪದರ ಈಗ ಬೆರಳಿಗೆ ಪುಡಿಯಾಗುತ್ತದೆ, ನೀರು ನಿಲ್ಲುವುದು ಕಡಿಮೆಯಾಗಿದೆ. ಲೋಟದಲ್ಲಿ ಇನ್ನೂ ತುಸು ಮಬ್ಬು ಇದೆ. ಹಳೆ ಬೀನ್ಸ್ ಉಳಿಯಲಿಲ್ಲ. ಹೊಸದಾಗಿ ಬಿತ್ತಿದ್ದಕ್ಕೆ ನಾಲ್ಕನೇ ಎಲೆ ಬಂದಿದೆ, ಅಂಚು ಹಸಿರಾಗಿದೆ.